1837ರ ಎರಡು ದಂಗೆಗಳು ಮತ್ತು ನಮ್ಮ ತೋಟದ ಮಣ್ಣು

1837ನೆಯ ಇಸವಿಯ ಎಪ್ರಿಲ್ ತಿಂಗಳ 5ರಂದು ಅಮರಸುಳ್ಯ ಸೀಮೆಯ ರೈತರು ಮಂಗಳೂರನ್ನು ವಶಪಡಿಸಿಕೊಂಡು, ಈಗ ಬಾವುಟಗುಡ್ಡೆ ಎಂದು ಕರೆಯಲ್ಪಡುವ ಗುಡ್ಡದ ಮೇಲೆ ಕಂಪೆನಿ ಸರಕಾರದ ಬಾವುಟವನ್ನು ಇಳಿಸಿ ಹಾಲೇರಿ ರಾಜವಂಶದ ಬಾವುಟವನ್ನು ಏರಿಸಿದರು. ಅದೇ ವರ್ಷದ ಸೆಪ್ಟೆಂಬರ್ 12ರಂದು ಯುರೋಪಿನ ಸ್ಪೇಯ್ನ್ ದೇಶದಲ್ಲಿ, ಸಿಂಹಾಸನಕ್ಕೆ ಹಕ್ಕು ಸಾಧಿಸಿದ ದೊನ್ ಕಾರ್ಲೋಸ್ ಎಂಬ ರಾಜಕುಮಾರನ ಸೈನ್ಯವು ರಾಜಧಾನಿ ಮಾದ್ರಿದಿನ ಹೆಬ್ಬಾಗಿಲ ತನಕ ಬಂದು, ಒಳಗೆ ಕಾಲಿಡದೆ ಹಿಂದಿರುಗಿತು. ಇಲ್ಲಿನವರಿಗೆ ಅಲ್ಲಿನವರ ಹೆಸರು ಗೊತ್ತಿರಲಿಲ್ಲ. ಅಲ್ಲಿನವರಿಗೆ ಸುಳ್ಯವೆಂಬ ಊರು ಭೂಮಿಯ ಮೇಲೆ ಇದೆಯೆಂದೇ ತಿಳಿದಿರಲಿಲ್ಲ. ಆದರೂ ಈ ಎರಡು ದಂಗೆಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಿದರೆ, ಅರಂತೋಡು, ತೊಡಿಕಾನ, ಸಂಪಾಜೆಗಳಲ್ಲಿ ಅಡಿಕೆ ತೋಟವನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಚಿಂತೆಯಲ್ಲಿರುವ ಇಂದಿನ ನಮ್ಮ ಕುಟುಂಬಗಳಿಗೂ ತಿಳಿಯಬೇಕಾದ ಒಂದೆರಡು ಸಂಗತಿಗಳು ಸಿಗುತ್ತವೆ.

ಮೊದಲು ನಮ್ಮ ಮಣ್ಣಿನ ಕಥೆ. ಮಾಣಿ-ಮೈಸೂರು ಹೆದ್ದಾರಿಯಲ್ಲಿ ಸುಳ್ಯದಿಂದ ಅರಂತೋಡಿಗೆ ಬರುವವರು ನಡುವೆ ಪೆರಾಜೆಯಲ್ಲಿ ಕೊಡಗು ಜಿಲ್ಲೆಯನ್ನು ಹೊಕ್ಕು ಮತ್ತೆ ದಕ್ಷಿಣ ಕನ್ನಡಕ್ಕೆ ಹೊರಬರುತ್ತಾರೆ. ಗಡಿಯ ಗೆರೆ ಎಳೆದವನ ಕೈ ನಡುಗಿತ್ತೇನೋ ಎಂದು ಹೊಸಬರಿಗೆ ಅನ್ನಿಸಬಹುದು. 1834ರ ತನಕ ಇಂಥ ಗೆರೆಯೇ ಇರಲಿಲ್ಲ; ಪಯಸ್ವಿನಿಯ ಎರಡೂ ದಡದ ಈ ಊರುಗಳೆಲ್ಲ ಕೊಡಗಿನ ಅರಸರ ಅಮರಸುಳ್ಯ ಮಾಗಣೆಗೆ ಸೇರಿದ್ದವು. ಆ ವರ್ಷ ಚಿಕ್ಕವೀರರಾಜೇಂದ್ರನನ್ನು ಕಂಪೆನಿ ಸರಕಾರ ಪದಚ್ಯುತಗೊಳಿಸಿ ಕೊಡಗನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅರಸನನ್ನು ಕಾಶಿಗೆ ಕಳುಹಿಸಲಾಯಿತು. (ಆತ ಮುಂದೆ ಲಂಡನ್ನಿಗೆ ಹೋಗಿ 1859ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ಮಗಳು ಗೌರಮ್ಮ 1852ರಲ್ಲಿ ಕ್ರೈಸ್ತ ದೀಕ್ಷಾಸ್ನಾನ ಪಡೆದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಅದು ಬೇರೆಯೇ ಕಥೆ.) ಅರಸನ ಬೆನ್ನಿಗೇ ಅಮರಸುಳ್ಯವನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಲಾಯಿತು.

ರೈತನಿಗೆ ಅರಸ ಬದಲಾದದ್ದು ಅಷ್ಟು ದೊಡ್ಡ ಸಂಗತಿಯಾಗಿರಲಾರದು. ಬದಲಾದದ್ದು ತೀರ್ವೆಯ ರೀತಿ. ಕೊಡಗಿನ ಅರಸರು ಬೆಳೆಯ ರೂಪದಲ್ಲಿ ತೆರಿಗೆ ಪಡೆಯುತ್ತಿದ್ದರು; ಕಂಪೆನಿ ಸರಕಾರ ನಗದು ಹಣವನ್ನೇ ಕೇಳಿತು. ಈ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದು, ಅಂಗಳದಲ್ಲಿ ದೊಡ್ಡದು. ಭತ್ತವನ್ನೇ ಒಪ್ಪಿಸುವವನು ತನ್ನ ಕಣಜದಿಂದ ಅಳೆದು ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ನಗದು ಒಪ್ಪಿಸಬೇಕಾದವನು ಕೊಯ್ಲು ಮುಗಿದ ಕೂಡಲೇ, ಎಲ್ಲರೂ ಮಾರುವಾಗ, ಅಂದರೆ ಬೆಲೆ ಅತ್ಯಂತ ಕಡಿಮೆ ಇರುವಾಗ, ತನ್ನ ಬೆಳೆಯನ್ನು ಮಾರಬೇಕು. ಗುಡ್ಡಗಾಡಿನ ಊರುಗಳಲ್ಲಿ ನಾಣ್ಯದ ಚಲಾವಣೆಯೇ ವಿರಳ. ಬೆಲೆ ಸಾಲದೆ ಹೋದರೆ ಸಾಹುಕಾರನ ಬಾಗಿಲು. ಸಾಲ ತೀರದಿದ್ದರೆ ಅಡವು. ಅಡವು ಬಿಡಿಸಲಾಗದಿದ್ದರೆ ಭೂಮಿಯೇ ಕೈಬಿಟ್ಟಿತು. ಇದಲ್ಲದೆ ಉಪ್ಪು ಮತ್ತು ಹೊಗೆಸೊಪ್ಪಿನ ಮೇಲೂ ಸರಕಾರದ ಹಿಡಿತವಿತ್ತು.

ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯ ಗೌಡರು ಜನರನ್ನು ಒಟ್ಟುಗೂಡಿಸಿದ್ದು ಈ ಹಿನ್ನೆಲೆಯಲ್ಲಿ. ಮನೆಯ ಮದುವೆಯ ನೆಪದಲ್ಲಿ ಜನ ಸೇರಿದರೆಂಬುದು ಇಲ್ಲಿನ ಮನೆಮಾತು. ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ಅವರು ಹೊರಟರು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ದಾರಿಯುದ್ದಕ್ಕೂ ತೆರಿಗೆಯ ವಿನಾಯಿತಿ ಸಾರಿದರು. ಪುತ್ತೂರು, ಬಂಟ್ವಾಳ ದಾಟುವಾಗ ನಂದಾವರದ ಲಕ್ಷ್ಮಪ್ಪ ಬಂಗರಸರಂಥವರೂ ಕೂಡಿಕೊಂಡರು. ಮಂಗಳೂರಿನ ಇಂಗ್ಲಿಷ್ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ಹೋದರು. ಹದಿಮೂರು ದಿನಗಳ ಕಾಲ ಮಂಗಳೂರಿನಲ್ಲಿ ರೈತರ ಆಳ್ವಿಕೆ ನಡೆಯಿತು. ಅನಂತರ ಕಂಪೆನಿಯ ಸೈನ್ಯ ಬಂತು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನ ಪ್ರಮುಖರಿಗೆ ಸರಕಾರ ವಿಶೇಷ ಪದಕಗಳನ್ನು ಕೊಟ್ಟಿತು. ಗೆದ್ದವರು ಈ ಹೋರಾಟಕ್ಕೆ 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೀಯಾಳಿಕೆಯ ಹೆಸರನ್ನು ಅಂಟಿಸಿದರು. ಒಂದೂವರೆ ಶತಮಾನಕ್ಕೂ ಮಿಕ್ಕಿ ನಮ್ಮ ಜಿಲ್ಲೆಯ ಜನ ಅದನ್ನೇ ಹೇಳಿಕೊಂಡು ಬಂದರು. ಕುಳ್ಕುಂದದ ಮಗನಾದ ನಿರಂಜನರು 'ಕಲ್ಯಾಣಸ್ವಾಮಿ' ಎಂಬ ಕಾದಂಬರಿ ಬರೆದದ್ದು ಈ ಹೀಯಾಳಿಕೆಗೆ ಕೊಟ್ಟ ಮೊದಲ ಉತ್ತರಗಳಲ್ಲೊಂದು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರಲ್ಲಿ.

ಇನ್ನು ಸ್ಪೇಯ್ನಿನ ಕಡೆಗೆ ಬರೋಣ. ಆ ದೇಶದ ಉದಾರವಾದಿ ಕ್ರಾಂತಿಯನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ತಿಳಿವಳಿಕೆ ಇದೆ. ಹಳೆಯ ಧಾರ್ಮಿಕ ಪುಸ್ತಕಗಳನ್ನು ಓದಿದವರು, ಉದಾರವಾದಿಗಳೆಂದರೆ ಮಠ ಸುಟ್ಟವರು, ಧರ್ಮಸಭೆಯ ವೈರಿಗಳು ಎಂದು ತಿಳಿದಿದ್ದಾರೆ. ಶಾಲೆಯ ಚರಿತ್ರೆ ಓದಿದವರು, ಅವರು ಪ್ರಗತಿಯ ಹರಿಕಾರರು ಎಂದು ತಿಳಿದಿದ್ದಾರೆ. ನನ್ನ ಮಟ್ಟಿಗೆ ಎರಡೂ ಅರ್ಧ ಸತ್ಯ.

ನೆಪೋಲಿಯನ್ನನ ಸೈನ್ಯ ಸ್ಪೇಯ್ನನ್ನು ಆಕ್ರಮಿಸಿದ್ದಾಗ, ಕಾದಿಸ್ ಎಂಬ ಬಂದರಿನಲ್ಲಿ ಸೇರಿದ ಜನಪ್ರತಿನಿಧಿಗಳು 1812ರಲ್ಲಿ ಒಂದು ಸಂವಿಧಾನವನ್ನು ರಚಿಸಿದರು. ಆ ಸಭೆಯ ಸದಸ್ಯರಲ್ಲಿ ಸುಮಾರು ಮೂರನೆಯ ಒಂದು ಪಾಲು ಧರ್ಮಗುರುಗಳೇ. ಪರಮಾಧಿಕಾರವು ಅರಸನಲ್ಲಿ ಇಲ್ಲ, ರಾಷ್ಟ್ರದಲ್ಲಿದೆ ಎಂಬ ಮಾತನ್ನು 1810ರ ಸೆಪ್ಟೆಂಬರ್ 24ರಂದು ಸಭೆಯ ಮುಂದೆ ಮೊದಲು ಮಂಡಿಸಿದವರು ಸಲಮಾಂಕಾ ವಿಶ್ವವಿದ್ಯಾಲಯದ ರೆಕ್ಟರರಾಗಿದ್ದ ದಿಯೆಗೊ ಮುನ್ಯೋಸ್ ತೊರ್ರೆರೊ ಎಂಬ ಗುರುಗಳು. ಅದೇ ಸಂವಿಧಾನದ 12ನೆಯ ವಿಧಿ ಕಥೊಲಿಕ ಧರ್ಮವೊಂದೇ ರಾಷ್ಟ್ರದ ಧರ್ಮವೆಂದು ಸಾರಿ ಬೇರೆ ಧರ್ಮಗಳ ಆಚರಣೆಯನ್ನು ನಿಷೇಧಿಸಿತ್ತು. ಮರುವರ್ಷ ಅದೇ ಸಭೆ ಇಂಕ್ವಿಸಿಶನ್ ನ್ಯಾಯಮಂಡಳಿಯನ್ನು ರದ್ದುಗೊಳಿಸಿತು. ಈ ಸಂವಿಧಾನದ ಕೀರ್ತಿ ಭಾರತಕ್ಕೂ ಮುಟ್ಟಿತು. ಅದರ ಒಂದು ಮುದ್ರಣವನ್ನು ರಾಜಾರಾಮ ಮೋಹನರಾಯರಿಗೆ ಅರ್ಪಿಸಲಾಗಿತ್ತು. ಆದರೆ 1814ರಲ್ಲಿ ಹಿಂದಿರುಗಿದ ಅರಸ ಏಳನೆಯ ಫೆರ್ಡಿನಾಂಡ್ ಅದನ್ನು ಹರಿದೊಗೆದನು. ಮುನ್ಯೋಸ್ ತೊರ್ರೆರೊ ಗುರುಗಳು 1829ರಲ್ಲಿ ಪೋರ್ಚುಗಲ್ಲಿನ ಸೆರೆಮನೆಯಲ್ಲಿ ಮಡಿದರು. ಉದಾರವಾದ ಹುಟ್ಟಿದ್ದೇ ಧರ್ಮದ್ವೇಷದಿಂದ ಎನ್ನುವವರು ಈ ಗುರುಗಳನ್ನು ಎಲ್ಲಿ ಇರಿಸುತ್ತಾರೋ ತಿಳಿಯದು.

ದ್ವೇಷ ಬೆಳೆದದ್ದು ಆಮೇಲೆ. 1833ರಲ್ಲಿ ಫೆರ್ಡಿನಾಂಡ್ ತೀರಿಕೊಂಡಾಗ ಮಗಳು ಇಸಬೆಲ್ಲಾ ಎಳೆಯ ಕೂಸು. ಅವಳ ಪಕ್ಷದಲ್ಲಿ ಉದಾರವಾದಿಗಳು, ಅರಸನ ತಮ್ಮ ದೊನ್ ಕಾರ್ಲೋಸನ ಪಕ್ಷದಲ್ಲಿ ಹಳೆಯ ಪದ್ಧತಿಯವರು. ಏಳು ವರ್ಷಗಳ ಅಂತರ್ಯುದ್ಧ ನಡೆಯಿತು. 1834ರ ಜುಲೈಯಲ್ಲಿ ಮಾದ್ರಿದಿಗೆ ಕಾಲರಾ ಬಂದಾಗ, ಸನ್ಯಾಸಿಗಳು ಬಾವಿಗೆ ವಿಷ ಹಾಕಿದ್ದಾರೆಂಬ ಗಾಳಿಸುದ್ದಿಯನ್ನು ನಂಬಿದ ಜನಜಂಗುಳಿ ಮಠಗಳಿಗೆ ನುಗ್ಗಿ ಸನ್ಯಾಸಿಗಳನ್ನು ಕೊಂದಿತು. ಮರುವರ್ಷ ಬಾರ್ಸೆಲೋನಾದಲ್ಲಿ ಮಠಗಳು ಉರಿದವು. ಯುದ್ಧದ ಖರ್ಚಿಗೆ, ಸರಕಾರದ ಸಾಲಕ್ಕೆ ಹಣ ಬೇಕಿತ್ತು. ಮಂತ್ರಿ ಮೆಂದಿಸಾಬಾಲ್ 1836ರ ಫೆಬ್ರವರಿ 19ರ ಆಜ್ಞೆಯಿಂದ ಸನ್ಯಾಸಿ ಸಭೆಗಳ ಆಸ್ತಿಯನ್ನು ಹರಾಜಿಗಿಟ್ಟನು. 1837ರ ಜುಲೈ 29ರ ಕಾನೂನು ದಶಾಂಶವನ್ನು ರದ್ದುಗೊಳಿಸಿತು.

ಇಲ್ಲಿಯೇ ನಮ್ಮ ಸುಳ್ಯದ ಕಥೆ ಸ್ಪೇಯ್ನಿನ ಕಥೆಯನ್ನು ಮುಟ್ಟುತ್ತದೆ. ದಶಾಂಶವೆಂದರೆ ಬೆಳೆಯ ಹತ್ತನೆಯ ಒಂದು ಪಾಲು. ಅದು ಹಗುರವಾದ ಹೊರೆಯಾಗಿರಲಿಲ್ಲ, ರೈತರು ಅದನ್ನು ಸಂತೋಷದಿಂದ ಕೊಡುತ್ತಿದ್ದರೆಂದೂ ಹೇಳಲಾಗದು. ಆದರೆ ಅದು ಧಾನ್ಯದ ರೂಪದಲ್ಲಿತ್ತು. ಬೆಳೆ ಕಡಿಮೆಯಾದ ವರ್ಷ ತಾನೂ ಕಡಿಮೆಯಾಗುತ್ತಿತ್ತು. ಉದಾರವಾದಿ ಸರಕಾರ ಅದರ ಸ್ಥಾನಕ್ಕೆ ತಂದ ತೆರಿಗೆಗಳು ನಗದಿನಲ್ಲಿ. ದಶಾಂಶ ಹೋದ ಮೇಲೆ ಭೂಮಾಲಕರು ಗೇಣಿಯನ್ನು ಏರಿಸಿದರು. ಹರಾಜಿನಲ್ಲಿ ಮಠದ ಭೂಮಿ ಕೊಂಡವರಾದರೂ ಯಾರು? ಸರಕಾರದ ಸಾಲಪತ್ರಗಳನ್ನು ಪೇರಿಸಿಟ್ಟುಕೊಂಡಿದ್ದ ಪಟ್ಟಣದ ಹಣವಂತರು, ವಕೀಲರು, ಮೊದಲೇ ಭೂಮಿಯುಳ್ಳವರು. ತಲೆಮಾರುಗಳಿಂದ ಮಠದ ಭೂಮಿಯನ್ನು ಹಳೆಯ ಗೇಣಿಗೆ ಉಳುತ್ತಿದ್ದ ಒಕ್ಕಲಿಗೆ ಹರಾಜಿನ ಕಟ್ಟೆಯ ಹತ್ತಿರ ಸುಳಿಯುವ ಶಕ್ತಿಯೂ ಇರಲಿಲ್ಲ. ನವಾರ್ರಾದ, ಬಾಸ್ಕ್ ಗುಡ್ಡಗಳ ರೈತರು ದೊನ್ ಕಾರ್ಲೋಸನ ಹಿಂದೆ ನಡೆದರಲ್ಲ, ಅದು ಬರಿಯ ಮತಾಂಧತೆಯೆಂದು ಬರೆಯುವುದು ಸುಲಭ. ಅವರಿಗೆ ತಮ್ಮ ಸೀಮೆಯ ಹಳೆಯ ಹಕ್ಕುಗಳು, ತಮ್ಮದೇ ತೆರಿಗೆಯ ಕ್ರಮ, ಸೈನ್ಯದ ಕಡ್ಡಾಯ ಭರ್ತಿಯಿಂದ ವಿನಾಯಿತಿ ಇವೆಲ್ಲ ಕಣ್ಣೆದುರೇ ಕರಗುತ್ತಿದ್ದವು. ಅಮರಸುಳ್ಯದವರು ಹಾಲೇರಿಯ ಹೆಸರು ಹಿಡಿದಂತೆ, ಅವರು ದೊನ್ ಕಾರ್ಲೋಸನ ಹೆಸರು ಹಿಡಿದರು. ಬಡವನಿಗೆ ನ್ಯಾಯ ಕೇಳಲು ಸಿಂಹಾಸನದ ಒಂದು ಹೆಸರು ಬೇಕಾಗುತ್ತದೆ. ಆ ಹೆಸರಿನವನು ನಿಜವಾದ ರಾಜಕುಮಾರನೋ ಪುಟ್ಟಬಸಪ್ಪನೋ ಎಂಬುದು ಆ ಹೊತ್ತಿಗೆ ಮುಖ್ಯವಾಗುವುದಿಲ್ಲ.

ಒಂದು ಭೇದವನ್ನು ಮರೆಯಬಾರದು. ಸ್ಪೇಯ್ನಿನ ಯುದ್ಧ ಎರಡೂ ಕಡೆಯಿಂದ ಘೋರವಾಗಿತ್ತು. ಶತ್ರು ಸೇನಾನಿಯ ಮುದಿ ತಾಯಿಯನ್ನು ಗುಂಡಿಟ್ಟು ಕೊಂದ ಯುದ್ಧವದು. ಹಾಗಿದ್ದೂ 1839ರ ಆಗಸ್ಟ್ 31ರಂದು ವೆರ್ಗಾರಾದಲ್ಲಿ ಎರಡೂ ಸೇನಾಪತಿಗಳಾದ ಎಸ್ಪಾರ್ತೆರೊ ಮತ್ತು ಮರೋತೊ ಸೈನಿಕರೆಲ್ಲರ ಮುಂದೆ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಸೋತ ಪಕ್ಷದ ಅಧಿಕಾರಿಗಳಿಗೆ ಅವರ ಪದವಿಗಳನ್ನು ಉಳಿಸಿಕೊಟ್ಟರು, ಸೀಮೆಯ ಹಕ್ಕುಗಳನ್ನು ಪರಿಶೀಲಿಸುವುದಾಗಿ ಮಾತು ಕೊಟ್ಟರು. ಇಲ್ಲಿ ಬಿಕರ್ನಕಟ್ಟೆಯ ಹಗ್ಗ. ಗೆದ್ದವನಿಗೆ ಸೋತವನ ಜೊತೆ ಒಂದೇ ದೇಶದಲ್ಲಿ ಬಾಳಬೇಕಾದ ಅಗತ್ಯ ಇದ್ದಲ್ಲಿ ಅಪ್ಪುಗೆ. ಅದಿಲ್ಲದ ಕಂಪೆನಿಗೆ ತೀರ್ವೆಯ ಲೆಕ್ಕ ಸರಿಯಾದರೆ ಸಾಕಿತ್ತು.

ಐಬೀರಿಯದ ಈ ಬಿರುಗಾಳಿ ನಮ್ಮ ಮನೆಬಾಗಿಲಿಗೂ ಬಂದಿತ್ತು, ಪೋರ್ಚುಗಲ್ಲಿನ ಮೂಲಕ. ಅಲ್ಲಿನ 1822ರ ಸಂವಿಧಾನಕ್ಕೆ ಕಾದಿಸ್ ಸಂವಿಧಾನವೇ ಮಾದರಿ. ಗೋವೆಯಿಂದ ಲಿಸ್ಬನ್ನಿನ ಸಭೆಗೆ ಆಯ್ಕೆಯಾದ ಬೆರ್ನಾರ್ದೊ ಪೆರೆಸ್ ದ ಸಿಲ್ವಾ 1835ರ ಜನವರಿಯಲ್ಲಿ ಗೋವೆಯ ಆಡಳಿತ ವಹಿಸಿಕೊಂಡ ಮೊದಲ ಗೋವನಿಗ. ಹದಿನೇಳೇ ದಿನಗಳಲ್ಲಿ ಅವರನ್ನು ಹೊರದಬ್ಬಲಾಯಿತು. 1834ರ ಕಾನೂನು ಸನ್ಯಾಸಿ ಸಭೆಗಳನ್ನು ರದ್ದುಗೊಳಿಸಿದ ಮೇಲೆ ಗೋವೆಯ ಮಠಗಳು ಬರಿದಾದವು. ಸಂತ ಫ್ರಾನ್ಸಿಸ್ ಝೇವಿಯರರ ಅವಶೇಷದ ದರ್ಶನಕ್ಕೆಂದು ಹಳೆ ಗೋವೆಗೆ ಹೋದವರು ಸಂತ ಅಗಸ್ಟೀನರ ಮಠದ ಮುರಿದ ಗೋಪುರವನ್ನು ನೋಡಿರುತ್ತಾರೆ. 1835ರಲ್ಲಿ ಪಾಳುಬಿದ್ದ ಅದರ ಚಾವಣಿ 1842ರಲ್ಲಿ ಕುಸಿಯಿತು. ಲಿಸ್ಬನ್ ಮತ್ತು ರೋಮ್ ನಡುವಣ ಬಿರುಕಿನ ಈ ಕಾಲದಲ್ಲಿಯೇ ಪೋಪ್ ಹದಿನಾರನೆಯ ಗ್ರೆಗರಿಯವರು 1838ರಲ್ಲಿ ಭಾರತದ ಬಹುಭಾಗದಲ್ಲಿ ಗೋವೆಯ ಪದ್ರುವಾದೊ ಅಧಿಕಾರವನ್ನು ಮೊಟಕುಗೊಳಿಸಿದರು. 1845ರಲ್ಲಿ ಮಂಗಳೂರು ಕಾರ್ಮೆಲ್ ಸಭೆಯವರ ವಶದಲ್ಲಿ ಪ್ರತ್ಯೇಕ ವಿಕಾರಿಯೇಟ್ ಆಯಿತು. ಗೋವೆಗೆ ನಿಷ್ಠರಾದವರು, ರೋಮಿನ ಕಡೆಯವರು ಎಂದು ಕರಾವಳಿಯ ಕಥೊಲಿಕರಲ್ಲಿ ನಡೆದ ಜಗಳ 1886ರ ಒಡಂಬಡಿಕೆಯ ತನಕ ಎಳೆಯಿತು. ಇಟಲಿಯ ಏಕೀಕರಣದ ಕಾಲದಲ್ಲಿ ತಮ್ಮ ಮನೆಗಳನ್ನು ಕಳೆದುಕೊಂಡಿದ್ದ ಯೇಸುಸಭೆಯವರು 1878ರ ಕೊನೆಯ ದಿನ ಮಂಗಳೂರಿಗೆ ಬಂದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಒಂದು ದೇಶದಲ್ಲಿ ಕಿತ್ತೆಸೆದದ್ದು ಇನ್ನೊಂದು ದೇಶದಲ್ಲಿ ಬೇರೂರಿದ್ದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ.

ಹೀಗೆ 1837ರ ಆಸುಪಾಸಿನಲ್ಲಿ ನಮ್ಮ ಹಿರಿಯರಿಗೆ ತಮ್ಮದೇ ಚಿಂತೆಗಳಿದ್ದವು. ಶ್ರೀರಂಗಪಟ್ಟಣದ ಸೆರೆಯಿಂದ 1799ರಲ್ಲಿ ಬಿಡುಗಡೆಯಾಗಿ ಬಂದವರಿಗೆ ಕಂಪೆನಿ ಸರಕಾರ ಆಶ್ರಯದಾತನಾಗಿ ಕಂಡದ್ದು ಸಹಜ. ಅದರಿಂದಲೇ ಕಲ್ಯಾಣಸ್ವಾಮಿಯ ಕಥೆ ನಮ್ಮ ಮನೆಗಳ ನೆನಪಿನಲ್ಲಿ ಉಳಿಯಲಿಲ್ಲ. ಅರಂತೋಡು, ಸುಳ್ಯ ಕಡೆಗೆ ನಮ್ಮವರು ನೆಲೆಸಲು ಬಂದದ್ದು ಬಹುಮಟ್ಟಿಗೆ ಅನಂತರದ ಕಾಲದಲ್ಲಿ: ಕರಾವಳಿಯಿಂದ ಕೊಂಕಣಿ ಮಾತಾಡುವವರು, ತಿರುವಾಂಕೂರಿನಿಂದ ರಬ್ಬರ್ ಮತ್ತು ಮರಗೆಣಸಿನೊಡನೆ ಮಲೆಯಾಳಿಗಳು, ಶ್ರೀಲಂಕಾದಿಂದ ಮರಳಿ ರಬ್ಬರ್ ತೋಟಗಳ ಕೆಲಸಕ್ಕೆ ಬಂದ ತಮಿಳರು. ಅಮರಸುಳ್ಯದ ಹೋರಾಟ ಗೌಡ ಸಮುದಾಯದವರ ಹಬ್ಬ, ನಮಗೇನು ಎಂಬ ಮಾತು ನಮ್ಮಲ್ಲಿ ಕೇಳಿಬರುವುದುಂಟು. ನಾನು ಇದನ್ನು ಒಪ್ಪುವುದಿಲ್ಲ. ಯಾವ ಮಣ್ಣಿನ ತೀರ್ವೆಗಾಗಿ ಅವರು ಹೋರಾಡಿದರೋ ಅದೇ ಮಣ್ಣಿನಲ್ಲಿ ನಮ್ಮ ಅಡಿಕೆ ಬೆಳೆದಿದೆ.

ಈ ಭೂಮಿ ನಮ್ಮಲ್ಲಿ ಅನೇಕರ ಕೈಗೆ ಬಂದದ್ದಾದರೂ ಹೇಗೆ? ಕರ್ನಾಟಕದ 1974ರ ಭೂಸುಧಾರಣೆಯ ತಿದ್ದುಪಡಿಯಿಂದ. ಚಾಲಗೇಣಿ ಒಕ್ಕಲುಗಳು 'ಡಿಕ್ಲರೇಶನ್' ಕೊಟ್ಟು ಉಳುವ ಭೂಮಿಗೆ ಒಡೆಯರಾದರು. ದೇವಸ್ಥಾನ, ಮಠಗಳ ಗೇಣಿ ಭೂಮಿಯೂ ಕಾನೂನಿಗೆ ಹೊರತಾಗಲಿಲ್ಲ. ಸಂಸ್ಥೆಗಳಿಗೆ ವರ್ಷಾಸನ ಗೊತ್ತುಮಾಡಲಾಯಿತು. ಮೆಂದಿಸಾಬಾಲನ ಕಾನೂನಿಗೂ ಇದಕ್ಕೂ ಹೊರನೋಟಕ್ಕೆ ಸಾಮ್ಯವಿದೆ, ಒಳಗೆ ಅಜಗಜಾಂತರ. ಅಲ್ಲಿ ಭೂಮಿ ಹೆಚ್ಚು ಹಣ ಕೂಗಿದವನಿಗೆ ಹೋಯಿತು. ಇಲ್ಲಿ ಉಳುತ್ತಿದ್ದವನಿಗೆ ಉಳಿಯಿತು. ಸ್ಪೇಯ್ನಿನಲ್ಲಿಯೂ ಅರ್ಥಶಾಸ್ತ್ರಜ್ಞ ಫ್ಲೋರೆಸ್ ಎಸ್ತ್ರಾದಾ 1836ರಲ್ಲಿಯೇ ಕೂಗಿ ಹೇಳಿದ್ದನು: ಮಠದ ಭೂಮಿಯನ್ನು ಮಾರಬೇಡಿ, ಉಳುವವರಿಗೆ ಐವತ್ತು ವರ್ಷಗಳ ಗೇಣಿಗೆ ಕೊಡಿ ಎಂದು. ನಮ್ಮ ಮೂಲಗೇಣಿಯನ್ನು ಬಲ್ಲವರಿಗೆ ಈ ಸಲಹೆ ಅಪರಿಚಿತವೆನಿಸದು. ಸರಕಾರಕ್ಕೆ ಕೂಡಲೇ ಹಣ ಬೇಕಿತ್ತು. ಅವನ ಮಾತು ಬಿದ್ದುಹೋಯಿತು. ಆಂದಲೂಸಿಯದ ಭೂಹೀನ ಕೂಲಿಗಳ ಸಿಟ್ಟು ಮುಂದಿನ ನೂರು ವರ್ಷ ಸ್ಪೇಯ್ನನ್ನು ಸುಡುತ್ತಲೇ ಇತ್ತು. ಅಲ್ಲಿನ ಧರ್ಮಸಭೆ 1851ರ ಒಡಂಬಡಿಕೆಯಲ್ಲಿ ಮಾರಾಟವಾದ ಭೂಮಿಯ ಮೇಲಿನ ದಾವೆಯನ್ನು ಬಿಟ್ಟುಕೊಟ್ಟು, ಗುರುಗಳಿಗೆ ಸರಕಾರದ ವೇತನವನ್ನು ಒಪ್ಪಿಕೊಂಡಿತು. ಒಕ್ಕಲುಗಳ ಪರವಾಗಿ ಆ ಒಡಂಬಡಿಕೆಯಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಆ ದೇಶದ ಬಡವರು ಮುಂದೆ ಇಗರ್ಜಿಯಿಂದ ದೂರ ಸರಿದದ್ದಕ್ಕೆ ಈ ಮೌನವೂ ಒಂದು ಕಾರಣವೆಂದು ನನ್ನ ನಂಬಿಕೆ.

ಈಗ ನಮ್ಮ ಊರಿನ ಪರಿಸ್ಥಿತಿ. ಅರಂತೋಡು, ತೊಡಿಕಾನ, ಸಂಪಾಜೆಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಮಕ್ಕಳು ಗಲ್ಫಿನಲ್ಲಿಯೋ ಕೆನಡಾದಲ್ಲಿಯೋ ಇದ್ದಾರೆ. ಮನೆಯಲ್ಲಿ ವಯಸ್ಸಾದ ತಂದೆತಾಯಿ. ರೋಗ ಬಿದ್ದ ತೋಟಕ್ಕೆ ಬೆಲೆ ಕೇಳಿಕೊಂಡು ದಲ್ಲಾಳಿಗಳು ಬರುತ್ತಾರೆ. 2020ರ ತಿದ್ದುಪಡಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಬಾಗಿಲನ್ನು ಅಗಲವಾಗಿ ತೆರೆಯಿತು. ಗೇಣಿಗೆ ಕೊಡುವ ಬಾಗಿಲನ್ನು ಮಾತ್ರ ಅದು ತೆರೆಯಲಿಲ್ಲ. 1974ರಲ್ಲಿ ಧನಿಗಳ ದಬ್ಬಾಳಿಕೆಯನ್ನು ತಡೆಯಲು ಹಾಕಿದ ಗೇಣಿಯ ನಿಷೇಧ ಆಗ ನ್ಯಾಯವಾದದ್ದೇ. ಇಂದು ಅದರ ಪರಿಣಾಮವೇನೆಂದರೆ, ಪರವೂರಿನಲ್ಲಿರುವವನು ತನ್ನ ಎರಡೆಕರೆಯನ್ನು ನೆರೆಮನೆಯ ಭೂಮಿಯಿಲ್ಲದ ಕುಟುಂಬಕ್ಕೆ ಬರಹದ ಕರಾರಿನ ಮೇಲೆ ಹತ್ತು ವರ್ಷಕ್ಕೆ ಕೊಡಲಾರ; ಬೆಂಗಳೂರಿನ ಅಪರಿಚಿತನಿಗೆ ಶಾಶ್ವತವಾಗಿ ಮಾರಬಲ್ಲ. ಹೆಚ್ಚು ಕೂಗಿದವನಿಗೆ ಭೂಮಿ ಎಂಬ 1836ರ ಸ್ಪೇಯ್ನಿನ ನಿಯಮ ಹೀಗೆ ಹಿತ್ತಿಲ ಬಾಗಿಲಿನಿಂದ ನಮ್ಮೂರಿಗೆ ಬಂದಿದೆ.

ಮಾರುವವರನ್ನು ದೂರುವುದು ನನ್ನ ಉದ್ದೇಶವಲ್ಲ. ಆಸ್ಪತ್ರೆಯ ಖರ್ಚು, ಬೇಂಕಿನ ಸಾಲ, ಹೆಣ್ಣುಮಗಳ ಪಾಲು ಇವೆಲ್ಲ ನಿಜವಾದ ಒತ್ತಡಗಳು. ಹೊರಗೆ ನಿಂತು ಉಪದೇಶ ಮಾಡುವವರು ಅವುಗಳನ್ನು ತೀರಿಸಿಕೊಡುವುದಿಲ್ಲ. ಆದರೆ ಮಾರುವ ಮಾತು ದಲ್ಲಾಳಿಯ ಕಿವಿಗೆ ಮುಟ್ಟುವ ಮೊದಲು ವಾಳೆಯ ಕೂಟದಲ್ಲಿ, ನೆರೆಹೊರೆಯಲ್ಲಿ, ಆ ತೋಟದಲ್ಲಿಯೇ ಇಪ್ಪತ್ತು ವರ್ಷ ದುಡಿದವನ ಮುಂದೆ ಬರಬಾರದೇಕೆ? ಅವನು ಕೊಳ್ಳಲು ಮುಂದಾದರೆ ನಮ್ಮ ಸಹಕಾರಿ ಸಂಘಗಳು ಸಾಲ ಕೊಡಲಾರವೇ? ಅವನು ನಮ್ಮ ಇಗರ್ಜಿಯವನೋ, ಗೌಡನೋ, ಮಲೆಕುಡಿಯನೋ, ಬ್ಯಾರಿಯೋ ಎಂಬುದು ಇಲ್ಲಿ ಪ್ರಶ್ನೆಯಾಗಬಾರದು. ಹಾಗೆಯೇ, ಉಳುವವನಿಗೂ ಒಡೆಯನಿಗೂ ಭದ್ರತೆಯಿರುವ, ಅವಧಿ ಗೊತ್ತಿರುವ ಗೇಣಿಯ ಕಾನೂನು ಬೇಕೆಂದು ನಮ್ಮ ಶಾಸಕರ ಮುಂದೆ ಕೇಳುವ ಕೆಲಸವನ್ನು ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ಕೈಗೆತ್ತಿಕೊಳ್ಳಬಹುದು. ಅಡಿಕೆ ಬೆಳೆಗಾರರ ಸಂಘಗಳು, ಗೌಡ ಸಮುದಾಯದ ಸಂಘಟನೆಗಳು ಜೊತೆಗೂಡಿದರೆ ಅದು ಒಂದು ಜಾತಿಯ ಬೇಡಿಕೆಯಾಗಿ ಉಳಿಯುವುದಿಲ್ಲ. ಸುಳ್ಯದಲ್ಲಿ ಪ್ರತಿವರ್ಷ ಎಪ್ರಿಲ್ ತಿಂಗಳಲ್ಲಿ 1837ರ ಮಾತು ಬರುತ್ತದೆ. ಮುಂದಿನ ಸಲ ಆ ಸಭೆಗಳಲ್ಲಿ ನಮ್ಮವರೂ ಹೋಗಿ ಕುಳಿತು, ತೀರ್ವೆಯ ಕಥೆ ಮುಗಿದ ಮೇಲೆ, ಹಳದಿ ರೋಗದ ತೋಟಗಳ ಮಾತನ್ನು ಎತ್ತಲಿ.